ನಲವತ್ತೊಂದು ಗೆರೆ

ಮೊದಲು ಕ್ಷಮೆ ಕೇಳಬೇಕು. ಇದು ನಾನು ಹೇಳಬೇಕಾದ ಕಥೆಯಲ್ಲ. ಕನಕರಾಜಣ್ಣ ಹೇಳಬೇಕಿತ್ತು. ಅವನು ಈಗ ಇಲ್ಲ. ಅವನ ಮಗಳು ಮಾನಸಾ ಹೇಳಬಹುದು. ಅವಳಿಗೆ ಹದಿನಾಲ್ಕು ವರ್ಷ, ಈಗ ಯಾರ ಜೊತೆಯೂ ಹೆಚ್ಚು ಮಾತಾಡುವುದಿಲ್ಲ. ನಾನು ಹಗಲು ಗಾರ್ಮೆಂಟ್ಸಿನಲ್ಲಿ ದುಡಿದು, ತುಮಕೂರಿನಲ್ಲಿ ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದವಳು. ವಿಜ್ಞಾನವನ್ನು ಸರಿಯಾಗಿ ಓದಿಲ್ಲ. ಬರೆಯುವುದನ್ನೂ ಯಾರೂ ಕಲಿಸಿಲ್ಲ. ಆದರೆ ಪೇಪರಿನಲ್ಲಿ ನಾಲ್ಕು ಸಾಲು ಬಂತು, ಎರಡು ಗುಂಪುಗಳ ನಡುವೆ ಘರ್ಷಣೆ ಎಂದು. ಅಲ್ಲಿ ಎರಡು ಗುಂಪು ಇರಲಿಲ್ಲ. ನಾನು ಅಲ್ಲಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ತ್ರಿವೇಣಿ. ಒಂದು ಟ್ರಸ್ಟಿನವರು ಹೈಸ್ಕೂಲುಗಳಿಗೆ ವಿಜ್ಞಾನದ ಮಾದರಿಗಳನ್ನು ಕಳಿಸುತ್ತಾರೆ. ಒಂದು ಓಮ್ನಿ ವ್ಯಾನು, ಒಬ್ಬ ಡ್ರೈವರ್, ನಾನು. ಗುಬ್ಬಿ, ಕುಣಿಗಲ್ ಎರಡೂ ತಾಲ್ಲೂಕು ಸೇರಿ ಇಪ್ಪತ್ತೆರಡು ಶಾಲೆ. ಡಬ್ಬ ಇಳಿಸುವುದು, ಜೋಡಿಸುವುದು, ತೋರಿಸುವುದು, ಒರೆಸಿ ಮತ್ತೆ ಡಬ್ಬಕ್ಕೆ ಹಾಕುವುದು. ಬಲೂನಿನ ಶ್ವಾಸಕೋಶ. ಕೆಂಪು ನೀಲಿ ನೀರು ಓಡಾಡುವ ಹೃದಯ. ಕನ್ನಡಿ ಪೆಟ್ಟಿಗೆ. ಹಿಂದಿನ ಬೆಂಚಿನ ಹುಡುಗರು ನನಗೆ 'ಮಾಡೆಲ್ ಮಿಸ್' ಎಂದು ಹೆಸರಿಟ್ಟು ನಗುತ್ತಿದ್ದರು. ಪ್ರತಿ ಪಾಠವನ್ನೂ ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಹೇಳಿಕೊಂಡು ಹೋಗುತ್ತಿದ್ದೆ. ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಬಂದರೆ ಪುಸ್ತಕದ್ದನ್ನೇ ಇನ್ನೊಂದು ಸಲ ಹೇಳುತ್ತಿದ್ದೆ.

ನನ್ನ ಊರು ಹುಲಿಯೂರುದುರ್ಗದ ಕಡೆ. ಅಲ್ಲಿನ ಎ.ಕೆ. ಕಾಲೋನಿ. ಇದನ್ನು ಬಟವಾಡಿಯ ಓನರಿಗೆ ಹೇಳಿಲ್ಲ. ಶಾಲೆಗಳಲ್ಲೂ ಹೇಳುತ್ತಿರಲಿಲ್ಲ. "ಯಾವ ಕಡೆಯವರಮ್ಮ?" ಎಂದು ಕೇಳಿದರೆ "ಹುಲಿಯೂರುದುರ್ಗ" ಎಂದು ಹೇಳಿ ಡಬ್ಬ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಅವರು ಕೇಳಿದ್ದು ಊರನ್ನಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಹಾಗಲವಾಡಿಯಿಂದ ಆಚೆ ಒಂದು ಊರು. ಕೇಸು ನಡೆಯುತ್ತಿದೆ, ಹೆಸರು ಬರೆಯುವುದಿಲ್ಲ. ಅಲ್ಲಿನ ಹೈಸ್ಕೂಲಿನಲ್ಲಿ ಒಂದು ದಿನ ಒಂಬತ್ತನೇ ಕ್ಲಾಸಿಗೆ ನೀರಿನ ಮಟ್ಟದ ಮಾದರಿ ತೋರಿಸಿದೆ. ಒಂದು ದಪ್ಪ ಗಾಜಿನ ಕೊಳವೆ, ಒಂದು ಸಣ್ಣದು, ಒಂದು ಸೊಟ್ಟದ್ದು, ಒಂದು ಬುರುಡೆಯಂಥದ್ದು. ನಾಲ್ಕೂ ಕೆಳಗೆ ಒಂದೇ ಪೈಪಿಗೆ ಸೇರಿವೆ. ಯಾವುದಕ್ಕೆ ನೀರು ಹಾಕಿದರೂ ನಾಲ್ಕರಲ್ಲೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ.

"ನೀರು ದಪ್ಪ ಸಣ್ಣ ನೋಡುವುದಿಲ್ಲ" ಎಂದೆ. ಟ್ರಸ್ಟಿನವರು ಕೊಟ್ಟ ಹಾಳೆಯಲ್ಲಿ ಇದ್ದ ವಾಕ್ಯ ಅದು.

ಎರಡನೇ ಸಾಲಿನಲ್ಲಿದ್ದ ಹುಡುಗಿ ಕೈ ಎತ್ತಿದಳು. ಅವಳೇ ಮಾನಸಾ. "ಮಿಸ್, ಇದು ಈ ಗಾಜಿಗೆ ಮಾತ್ರಾನಾ, ಊರ್ ನೀರ್‍ಗೂನಾ?"

"ಎಲ್ಲ ನೀರಿಗೂ."

"ಮತ್ತೆ ನಮ್ ಬೀದಿ ನಲ್ಲೀಲಿ ಯಾಕ್ ಬರಲ್ಲ?"

ಹುಡುಗರು ನಕ್ಕರು. ಒಬ್ಬ ಹೇಳಿದ, "ನಿಮ್ ಕಾಲೋನಿ ದಿಣ್ಣೆ ಮ್ಯಾಲೈತೆ ಕಣೇ. ನೀರೇನ್ ಮೆಟ್ಲು ಹತ್ಕೊಂಡ್ ಬತ್ತದಾ?"

ನೋಡಿ ಹೇಳುತ್ತೇನೆ ಎಂದೆ. ಆ ಮಾತನ್ನು ಆಡದೆ ಇರಬಹುದಿತ್ತು.

ಶಾಲೆ ಬಿಟ್ಟ ಮೇಲೆ ಅವಳ ಜೊತೆ ಕಾಲೋನಿಗೆ ಹೋದೆ. ಮೂವತ್ತು ಮನೆ. ಪ್ರತಿ ಮನೆಯ ಮುಂದೆ ನಲ್ಲಿ. ಪಕ್ಕದಲ್ಲಿ ಮೀಟರು. ನಾಲ್ಕು ವರ್ಷದ ಹಿಂದೆ ಹಾಕಿ ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಒಂದು ದಿನವೂ ನೀರು ಬಂದಿಲ್ಲ. ಕೇಳಿದಾಗಲೆಲ್ಲ ಪಂಚಾಯ್ತಿಯ ಉತ್ತರ ಒಂದೇ: ದಿಣ್ಣೆ ಎತ್ತರ, ನೀರು ಏರುವುದಿಲ್ಲ.

ಹಾಗಾದರೆ ಕುಡಿಯುವುದಕ್ಕೆ? ಅಣ್ಣಯ್ಯಪ್ಪನ ತೋಟದ ಮೋಟರಿನಿಂದ. ಅಣ್ಣಯ್ಯಪ್ಪ ಊರಿನ ದೊಡ್ಡ ಕುಳ, ಹೈಸ್ಕೂಲು ಸಮಿತಿಯ ಅಧ್ಯಕ್ಷ. ನೀರಿಗೆ ಅವನು ದುಡ್ಡು ಕೇಳುವುದಿಲ್ಲ. ಬೆಳಿಗ್ಗೆ ಅವನ ಕೊಟ್ಟಿಗೆಯ ಸಗಣಿ ಬಾಚಬೇಕು. ಕಾಯಿ ಕೀಳಿಸಿದ ವಾರ ಸುಲಿದು ಕೊಡಬೇಕು. ಒಂದು ಮನೆಗೆ ನಾಲ್ಕು ಬಿಂದಿಗೆ. ಮಾನಸಾಳ ಅಜ್ಜಿ ಚಿಕ್ಕಗಂಗಮ್ಮ ಅಂಗೈ ತೋರಿಸಿದಳು. ಕಾಯಿ ಸುಲಿಯುವ ಕಬ್ಬಿಣದ ಮೊನೆ ಕೂತು ಕೂತು ಹೆಬ್ಬೆರಳ ಬುಡದಲ್ಲಿ ಚರ್ಮ ಮರದ ತೊಗಟೆಯಂತಾಗಿತ್ತು. ಎರಡು ಕಡೆ ಸೀಳಿತ್ತು. ಸೀಳಿನೊಳಗೆ ಸಗಣಿಯ ಹಸಿರು.

"ನೀರು ಬಂದ್ಬುಟ್ರೆ ಅವ್ನ ಕೊಟ್ಗೆ ಬಾಚೋರ್ಯಾರು ಹೇಳು ಮಗಾ" ಎಂದಳು ಅಜ್ಜಿ. ನಗುತ್ತಲೇ ಹೇಳಿದಳು.

ಮಾನಸಾಳ ಅಪ್ಪ ಕನಕರಾಜಣ್ಣ ಗಾರೆ ಕೆಲಸದವನು. ಗುಬ್ಬಿಯಲ್ಲಿ, ನಿಟ್ಟೂರಿನಲ್ಲಿ ಮನೆ ಕಟ್ಟುತ್ತಿದ್ದ. ನಾನು ಗಾಜಿನ ಮಾದರಿಯನ್ನು ವಿವರಿಸಿದಾಗ ಅವನು ಒಳಗೆ ಹೋಗಿ ಸುತ್ತಿಟ್ಟ ಒಂದು ಪಾರದರ್ಶಕ ಪೈಪು ತಂದ. ತಳಪಾಯ ಸಮ ಇದೆಯೋ ಇಲ್ಲವೋ ನೋಡಲು ಮೇಸ್ತ್ರಿಗಳು ಇಟ್ಟುಕೊಳ್ಳುವ ಲೆವೆಲ್ ಪೈಪು.

"ಇದೇ ಅಲ್ವಾ ಮಿಸ್ ನಿಮ್ ಮಾಡ್ಲು? ಇಪ್ಪತ್ ವರ್ಷದಿಂದ ಹಿಡ್ಕೊಂಡ್ ತಿರುಗ್ತಾ ಇವ್ನಿ. ಇದ್ಕೂ ಪುಸ್ತಕ್ದಲ್ಲಿ ಪಾಠ ಐತೆ ಅಂತ ಗೊತ್ತೇ ಇರ್ಲಿಲ್ಲ ನೋಡಿ."

ಮಾನಸಾ ಹೇಳಿದಳು, "ಅಪ್ಪಾ, ಟ್ಯಾಂಕಿಂದ ನಮ್ಮನೆ ತಂಕ ಹಿಡ್ದು ನೋಡನಾ?"

ಊರಿನ ಟ್ಯಾಂಕು ಕಂಬದ ಮೇಲಿಲ್ಲ. ಊರ ಹಿಂದಿನ ಬಂಡೆಯ ಮೇಲೆ ನೆಲಕ್ಕೇ ಕಟ್ಟಿದ್ದಾರೆ. ಅಲ್ಲಿಂದ ರಸ್ತೆ ಇಳಿಯುತ್ತದೆ. ಗುಡಿ ದಾಟಿ ಮೋರಿಯವರೆಗೂ ಇಳಿಯುತ್ತದೆ. ಆಮೇಲೆ ಕಾಲೋನಿಗೆ ಏರುತ್ತದೆ. ಇಳಿದದ್ದು ಹೆಚ್ಚೋ ಏರಿದ್ದು ಹೆಚ್ಚೋ ಕಣ್ಣಿಗೆ ಗೊತ್ತಾಗುವುದಿಲ್ಲ. ಏರುವಾಗ ದಮ್ಮು ಹತ್ತುತ್ತದೆ, ಅಷ್ಟೇ ನೆನಪಿರುತ್ತದೆ. ಅದಕ್ಕೇ ದಿಣ್ಣೆ ಎಂದರೆ ಎಲ್ಲರೂ ನಂಬಿದ್ದರು. ಕಾಲೋನಿಯವರೂ ನಂಬಿದ್ದರು.

ಒಂದು ಭಾನುವಾರ ಬೆಳಿಗ್ಗೆ ಶುರು ಮಾಡಿದೆವು. ಪೈಪಿನ ಒಂದು ತುದಿ ಅವನ ಕೈಲಿ, ಇನ್ನೊಂದು ಮಾನಸಾಳ ಕೈಲಿ. ಐವತ್ತು ಅಡಿಗೊಂದು ಕಡೆ ನೀರಿನ ಮಟ್ಟ ಎಲ್ಲಿ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ. ಕರೆಂಟು ಕಂಬ, ಕಾಂಪೌಂಡು ಗೋಡೆ, ಕಲ್ಲು, ಸಿಕ್ಕಿದ್ದರ ಮೇಲೆ. ನೆಲ ಇಳಿದಷ್ಟನ್ನು ಟೇಪಿನಲ್ಲಿ ಅಳೆದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಜನ ನಿಂತು ನೋಡಿದರು. "ಏನ್ಲಾ ಕನಕ, ರೋಡ್ ಅಗ್ಲ ಮಾಡ್ತಾರಾ?" ಎಂದು ಕೇಳಿದರು. "ಸ್ಕೂಲಿಂದು" ಎಂದ ಅವನು. ಸ್ಕೂಲಿಂದು ಎಂದರೆ ಯಾರೂ ಏನೂ ಅನ್ನಲಿಲ್ಲ.

ಗುಡಿಯ ಹತ್ತಿರ ಅವನು ನಿಂತ.

"ಮಿಸ್, ಈ ಗೋಡೆ ಬ್ಯಾಡ. ಆ ಕಂಬುಕ್ಕೇ ಹಾಕನಾ."

ಕಂಬ ಆರು ಅಡಿ ಆಚೆಗಿತ್ತು. ಪೈಪು ಮುಟ್ಟುತ್ತಿರಲಿಲ್ಲ. ನಡುವೆ ಒಂದು ಕಲ್ಲಿಟ್ಟುಕೊಂಡು ಮಾಡಬಹುದಿತ್ತು. ಕಾಲು ಗಂಟೆಯ ಕೆಲಸ. ನನಗೆ ಲೆಕ್ಕ ತಪ್ಪೀತು ಎನ್ನುವ ಭಯ. ನಾಳೆ ಯಾರಾದರೂ ಇಂಜಿನಿಯರ್ ಬಂದು ತಪ್ಪು ಹಿಡಿದರೆ? ಬಿ.ಎ. ಓದಿದವಳಿಗೆ ಇದೆಲ್ಲ ಯಾಕೆ ಎಂದರೆ?

"ಗೋಡೆಗೇ ಹಾಕಿ ಅಣ್ಣ. ಒಂದು ಗೆರೆ ತಾನೆ" ಎಂದೆ.

ಅವನು ನನ್ನ ಮುಖ ನೋಡಿದ. ಬೀದಿಯ ಎರಡೂ ಕಡೆ ನೋಡಿದ. ಗುಡಿಯ ಗೋಡೆಗೆ ಗೆರೆ ಹಾಕಿದ. ಕಾಲೋನಿಯಲ್ಲಿ ಹುಟ್ಟಿದವಳು ನಾನು. ಯಾವ ಗೋಡೆ ಯಾರದು ಎಂದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು. ಆದರೂ ಹೇಳಿದೆ. ಇದನ್ನು ಎಷ್ಟು ಸಲ ಬರೆದರೂ ಮುಗಿಯುವುದಿಲ್ಲ.

ಒಟ್ಟು ನಲವತ್ತೊಂದು ಗೆರೆ. ಚಿಕ್ಕಗಂಗಮ್ಮನ ಮನೆ ಮುಂದಿನ ನಲ್ಲಿ ಟ್ಯಾಂಕಿನ ತಳಕ್ಕಿಂತ ಹನ್ನೊಂದು ಅಡಿ ಕೆಳಗಿತ್ತು. ಮೂರು ಸಲ ಕೂಡಿ ಕಳೆದೆ. ಹನ್ನೊಂದು ಅಡಿ.

ಮಾನಸಾ ಮಾದರಿ ಮಾಡಲು ಕೂತಳು. ಪ್ಲೈವುಡ್ಡಿನ ಮೇಲೆ ಕೆರೆ ಮಣ್ಣು ತಂದು ಊರನ್ನು ಎಬ್ಬಿಸಿದಳು. ಬಂಡೆ, ಬೀದಿ, ಮೋರಿ, ದಿಣ್ಣೆ, ಎಲ್ಲ ನೋಟ್‌ಬುಕ್ಕಿನ ಲೆಕ್ಕದಂತೆ. ಬೆಂಕಿಪೊಟ್ಟಣದ ಮನೆಗಳು. ನಾನು ಬಟವಾಡಿಯ ಮೆಡಿಕಲ್ ಸ್ಟೋರಿನಿಂದ ಗ್ಲೂಕೋಸ್ ಹಾಕುವ ಪೈಪು ತಂದುಕೊಟ್ಟೆ. ಬಂಡೆಯ ಮೇಲಿನ ಡಬ್ಬಕ್ಕೆ ನೀರು ಹುಯ್ದಾಗ ಎಲ್ಲ ಮನೆಗೂ ಹೋಯಿತು. ಕಾಲೋನಿಯ ಬೆಂಕಿಪೊಟ್ಟಣಗಳಿಗೂ ಹೋಯಿತು. ಅವು ನೆನೆದು ಮೆತ್ತಗಾದವು. ಚಿಕ್ಕಗಂಗಮ್ಮ ಅದನ್ನು ಮುಟ್ಟಿ ನೋಡಿದಳು.

"ಮಾದರೀಲಿ ಬರ್ತದೆ. ನಿಜವಾಗ್ಲೂ ಬರಲ್ಲ. ಮಾದರಿ ತಪ್ಪಾ ಮಿಸ್, ಊರು ತಪ್ಪಾ?" ಎಂದಳು ಮಾನಸಾ. ಅವಳೇ ಯೋಚಿಸಿದಳು. ನೀರು ಬರುವ ಕೊನೆಯ ನಲ್ಲಿ ಅಣ್ಣಯ್ಯಪ್ಪನ ಮನೆಯದು. ಬರದ ಮೊದಲ ನಲ್ಲಿ ಮೋರಿಯ ಆಚೆ. ನಡುವೆ ಗುಡಿ, ಅದರ ಮುಂದಿನ ಸಿಮೆಂಟು ಕಟ್ಟೆ. ಗ್ಲೂಕೋಸ್ ಪೈಪಿಗೆ ಹನಿ ನಿಲ್ಲಿಸುವ ಒಂದು ಪುಟ್ಟ ಗಾಲಿ ಇರುತ್ತದೆ. ಅದನ್ನು ಸರಿಯಾಗಿ ಆ ಕಟ್ಟೆಯ ಕೆಳಗೆ ಬರುವಂತೆ ಕೂರಿಸಿ ತಿರುಗಿಸಿದಳು. ಊರಿಗೆ ನೀರು ಹೋಯಿತು. ಕಾಲೋನಿಗೆ ನಿಂತಿತು. ಈಗ ಮಾದರಿ ಊರಿನಂತೆಯೇ ಇತ್ತು. ರಟ್ಟಿನ ಮೇಲೆ ಬರೆದು ಚುಚ್ಚಿದಳು: ಇಲ್ಲಿ ವಾಲ್ವ್ ಇರಬೇಕು.

ವಿಜ್ಞಾನ ದಿನದ ಪ್ರದರ್ಶನ ಶನಿವಾರ. ಗೆದ್ದ ಮಾದರಿ ತುಮಕೂರಿಗೆ ಹೋಗುತ್ತದೆ. ಅಲ್ಲಿ ಜಿಲ್ಲೆಯ ಆಫೀಸರುಗಳು ನೋಡುತ್ತಾರೆ, ಕಾಲೋನಿಗೆ ನೀರು ಬಿಡಿಸುತ್ತಾರೆ. ಮಾನಸಾಳ ಲೆಕ್ಕ ಅದು. ನಾನೂ ಹಾಗೇ ಅಂದುಕೊಂಡಿದ್ದೆ.

ಮುಖ್ಯ ಅತಿಥಿ ಅಣ್ಣಯ್ಯಪ್ಪ. ಹಾರ ಹಾಕಿಸಿಕೊಂಡು ಒಂದೊಂದೇ ಟೇಬಲ್ಲು ನೋಡುತ್ತಾ ಬಂದ. ಜೊತೆಗೆ ಅವನ ಮಗ ಭಾನುಪ್ರಕಾಶ್, ಹೆಡ್‌ಮಾಸ್ಟರ್ ನಾಗಭೂಷಣ್, ಹಿಂದೆ ಏಳೆಂಟು ಜನ.

"ಇದೇನಮ್ಮಾ?"

"ನಮ್ ಊರು ಸಾ."

"ಓಹೋ! ನಮ್ಮನೆ ಎಲ್ಲೈತೆ ತೋರ್ಸು ಮತ್ತೆ."

"ಇಲ್ಲಿ ಸಾ. ಗರಿ ಚುಚ್ಚಿರೋದು ನಿಮ್ ತ್ವಾಟ."

ಅವನಿಗೆ ಖುಷಿಯಾಯಿತು. "ನಾಗಭೂಷಣ್, ನೋಡ್ರೀ, ಮನೆ ಮುಂದ್ಲ ಜಗ್ಲೀನೂ ಮಾಡವ್ಳೆ. ಇದೇನಮ್ಮ ಈ ಗಾಲಿ?"

"ವಾಲ್ವು ಸಾ. ಗುಡಿ ಕಟ್ಟೆ ಕೆಳ್ಗೆ ಐತೆ."

"ಯಾರ್ ಹೇಳುದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಲೆಕ್ಕ ಹಾಕ್ದೆ." ಅವಳು ಗಾಲಿಯನ್ನು ತಿರುಗಿಸಿದಳು. ಕಾಲೋನಿಯ ಕಡೆಯ ಪೈಪಿನಲ್ಲಿ ನೀರು ಸರಸರನೆ ಓಡಿತು. "ಹಿಂಗ್ ಬಿಟ್ರೆ ನಮ್ಗೂ ಬರ್ತದೆ ಸಾ. ದಿಣ್ಣೆ ಎತ್ತರ ಇಲ್ಲ. ಹನ್ನೊಂದ್ ಅಡಿ ತಗ್ಗು."

ಅಣ್ಣಯ್ಯಪ್ಪನ ಕೊರಳಿನ ಹಾರ ಏರಿ ಇಳಿಯುತ್ತಿತ್ತು. ಭಾನುಪ್ರಕಾಶ್ ಬಾಯಿಬಿಟ್ಟ.

"ಅಪ್ಪಾ, ಗುಡಿ ಗ್ವಾಡೆ ಮ್ಯಾಲೆ ಗೆರೆ ಇತ್ತಲ್ಲ, ಹುಡುಗ್ರು ಗೀಚವ್ರೆ ಅಂದಿದ್ಯಲ್ಲ. ಇವ್ರೇ ಕಣಪ್ಪ. ಇವ್ಳಪ್ಪ ಪೈಪ್ ಹಿಡ್ಕೊಂಡ್ ತಿರುಗ್ತಿದ್ದ. ಗುಡಿ ಮುಟ್ಟವ್ನೆ."

ಕಾಲಿನಿಂದ ಒದ್ದ. ಟೇಬಲ್ಲು ಉರುಳಿತು. ಮಣ್ಣು, ನೀರು, ಬೆಂಕಿಪೊಟ್ಟಣ ನೆಲಕ್ಕೆ. ಮಾನಸಾ ಬಗ್ಗಿ ಪೈಪು ಎತ್ತಿಕೊಳ್ಳಲು ಹೋದಳು. ಅವಳ ಕೈಯನ್ನು ಬೂಟಿನಿಂದ ತುಳಿದ. ಅವಳು ಕಿರುಚಲಿಲ್ಲ. ಇನ್ನೊಂದು ಕೈಯಿಂದ ಬೂಟನ್ನು ತಳ್ಳುತ್ತಿದ್ದಳು. ನಾಗಭೂಷಣ್ ಬಂದು ಅವಳ ಕಪಾಳಕ್ಕೆ ಹೊಡೆದ. ಬೂಟಿನವನಿಗಲ್ಲ, ಅವಳಿಗೆ.

ಕನಕರಾಜಣ್ಣ ಅಂದು ಊರಲ್ಲೇ ಕೆಲಸದಲ್ಲಿದ್ದ, ಹಾಲಿನ ಡೈರಿಯ ಗೋಡೆ ಕಟ್ಟುತ್ತಿದ್ದ. ಅಣ್ಣಯ್ಯಪ್ಪನ ಹಿಂದೆ ಬಂದಿದ್ದವರು ಬೈಕಿನಲ್ಲಿ ಹೋಗಿ ಅವನನ್ನು ಎಳೆದು ತಂದರು. ನನ್ನನ್ನು ಹೆಡ್‌ಮಾಸ್ಟರ್ ರೂಮಿಗೆ ಕರೆದರು. ಮೇಜಿನ ಮೇಲೆ ಒಂದು ಹಾಳೆ. 'ಸದರಿ ಅಳತೆಯು ತಪ್ಪಾಗಿದ್ದು, ನನ್ನ ಅಜ್ಞಾನದಿಂದ ವಿದ್ಯಾರ್ಥಿನಿಗೆ ತಪ್ಪು ಮಾಹಿತಿ ನೀಡಿರುತ್ತೇನೆ' ಎಂದು ಬರೆದಿತ್ತು.

"ಸೈನ್ ಹಾಕ್ಬಿಡಮ್ಮ. ಅವ್ನನ್ನ ಬಿಟ್ಬಿಡ್ತಾರೆ. ನಂಗೂ ರಿಟೈರ್ಮೆಂಟು ಹತ್ರ ಐತೆ" ಎಂದ ನಾಗಭೂಷಣ್.

ಕಿಟಕಿಯ ಹೊರಗಿಂದ ಏಟಿನ ಸದ್ದು ಬರುತ್ತಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ. ಅವನು ಕೂಗುತ್ತಿರಲಿಲ್ಲ. ಪ್ರತಿ ಏಟಿಗೂ "ಯಜಮಾನ್ರೆ" ಎನ್ನುತ್ತಿದ್ದ. ನಾನು ಸೈನು ಹಾಕಿದೆ. ಹೆಸರು ಸೊಟ್ಟಗಾಯಿತು. ಇನ್ನೊಂದು ಸಲ ಹಾಕಿ ಎಂದರು. ಹಾಕಿದೆ.

ಬಿಡಲಿಲ್ಲ. ಹೊರಗೆ ಬಂದಾಗ ಅವನ ಅಂಗಿ ಬಿಚ್ಚಿಸಿ, ಅದನ್ನೇ ನೀರಲ್ಲಿ ಅದ್ದಿ, ಗೆರೆಗಳನ್ನೆಲ್ಲ ಒರೆಸು ಎಂದು ಬೀದಿಯಲ್ಲಿ ನಡೆಸುತ್ತಿದ್ದರು. ಕಂಬ, ಕಾಂಪೌಂಡು, ಕಲ್ಲು. ಒಂದೊಂದಕ್ಕೂ ಬೆನ್ನಿಗೆ ಒಂದು ಏಟು. ಬಾಗಿಲುಗಳಲ್ಲಿ ಜನ. ಒಬ್ಬ ಎಣಿಸುತ್ತಿದ್ದ, ಹನ್ನೆರಡು, ಹದಿಮೂರು ಎಂದು. ಚಿಕ್ಕ ಮಕ್ಕಳೂ ಜೊತೆಗೆ ಎಣಿಸತೊಡಗಿದವು. ಗುಡಿ ಬಂದಾಗ ಅವರಿಗೇ ಗೊಂದಲವಾಯಿತು. ಒರೆಸಬೇಕಾದರೆ ಅವನು ಮತ್ತೆ ಗೋಡೆ ಮುಟ್ಟಬೇಕು. ಮುಟ್ಟಬಾರದು. ಸ್ವಲ್ಪ ಹೊತ್ತು ಚರ್ಚೆ ಮಾಡಿದರು. ಆಮೇಲೆ ಯಾರೋ ಗಂಜಳ ತಂದು ಗೋಡೆಗೆ ಎರಚಿದರು. ಅವನ ಬಲಗೈಯನ್ನು ಕಟ್ಟೆಯ ಅಂಚಿಗಿಟ್ಟು ಭಾನುಪ್ರಕಾಶ್ ಗುದ್ದಲಿಯ ಹಿಂಬದಿಯಿಂದ ಕುಟ್ಟಿದ. ಮೂರು ಬೆರಳು. ಸದ್ದು ನನಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಕನಕರಾಜಣ್ಣನ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದೆವು. ಠಾಣೆಯಲ್ಲಿ ಸಾಹೇಬರಿಲ್ಲ, ಸೋಮವಾರ ಬನ್ನಿ ಎಂದರು. ಅಲ್ಲಿಂದ ಕಾಲೋನಿಗೆ ಬರುವಾಗ ಸಂಜೆಯಾಗಿತ್ತು. ನಾನು ಸೈನು ಹಾಕಿದ್ದನ್ನು ಅಲ್ಲೇ ಹೇಳಿದೆ. ಮಾನಸಾ ಗೋಡೆಗೆ ಒರಗಿ ಕೂತಿದ್ದಳು. ಕೈ ಊದಿತ್ತು.

"ನೀವ್ ಸೈನ್ ಹಾಕುದ್ರೆ ನೀರು ಮೇಲಕ್ ಹರೀತದಾ ಮಿಸ್?" ಎಂದಳು.

ನನಗೆ ಅಳು ಬಂತು. "ನಾನೂ ಕಾಲೋನಿಯವಳೇ ಅಜ್ಜಿ" ಎಂದೆ. ಅದನ್ನು ಯಾಕೆ ಆಗ ಹೇಳಿದೆನೋ. ಕ್ಷಮಿಸಲಿ ಎಂದಿರಬೇಕು.

"ಗೊತ್ತು ಬುಡು" ಎಂದಳು ಚಿಕ್ಕಗಂಗಮ್ಮ. "ಮೊದ್ಲು ಬಂದ ದಿನ ಟೀ ಕುಡ್ದು ಲೋಟ ನೀನೇ ತೊಳ್ದು ಬೋರ್ಲಾಕ್ದೆ. ನಮ್ಮನೇಲಿ ಯಾವ್ ಟೀಚರಮ್ಮ ಲೋಟ ತೊಳಿತಾಳೆ?"

ಸೋಮವಾರ ಬೆಳಿಗ್ಗೆ ಠಾಣೆಗೆ ಹೋಗಲೆಂದು ಮೊದಲ ಬಸ್ಸಿಗೆ ಬಂದೆ. ಟ್ರಸ್ಟಿನವರು ಹೋಗಬೇಡ ಎಂದು ಫೋನು ಮಾಡಿದ್ದರು. ನಾನು ತಲುಪುವಾಗ ಭಾನುಪ್ರಕಾಶ್ ಕಾಲೋನಿಯ ಬಾಯಲ್ಲಿ ಬೈಕು ನಿಲ್ಲಿಸಿಕೊಂಡು ನಿಂತಿದ್ದ.

"ಏನಮ್ಮೀ ಗಂಗಿ, ಎರಡ್ ದಿನಾಯ್ತು, ಬಂದೇ ಇಲ್ಲ. ಕೊಟ್ಗೆ ತುಂಬಾ ಸಗಣಿ ಬಿದ್ದೈತೆ."

ಚಿಕ್ಕಗಂಗಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಅವಳಿಗೆ ಅರವತ್ತೈದು. ಅವನಿಗೆ ಇಪ್ಪತ್ತೆಂಟು.

"ನೀನೇ ಬಾಚ್ಕೊ."

"ಏನಂದೆ?"

"ನಿಮ್ ಹಸ, ನಿಮ್ ಸಗಣಿ. ನೀನೇ ಬಾಚ್ಕೊ ಅಂದೆ."

"ನೀರು ಬ್ಯಾಡ್ವಾ?"

"ಬೇಕು. ನಮ್ ನೀರು ಬೇಕು."

ಅವನು ನಗಲು ನೋಡಿದ. ಬೀದಿಯಲ್ಲಿ ಒಂದೊಂದೇ ಬಾಗಿಲಿನಿಂದ ಹೆಂಗಸರು ಹೊರಗೆ ಬಂದು ನಿಂತರು. ಯಾರ ಕೈಯಲ್ಲೂ ಬಿಂದಿಗೆ ಇರಲಿಲ್ಲ. ಅವನು ಉಗಿದು ಬೈಕು ತಿರುಗಿಸಿಕೊಂಡು ಹೋದ.

ಅಜ್ಜಿ ಎದ್ದು ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡಳು. ಯಾರೂ ಸಭೆ ಮಾಡಲಿಲ್ಲ. ಯಾರೂ ಘೋಷಣೆ ಕೂಗಲಿಲ್ಲ. ಹನ್ನೊಂದು ಹೆಂಗಸರು, ಹಾರೆ, ಗುದ್ದಲಿ, ಮಣ್ಣು ಹೊರುವ ಮಂಕರಿ. ಗಂಡಸರು ಬೆಳಗಾಗುವ ಮುಂಚೆಯೇ ಕೂಲಿಗೆ ಹೋಗಿದ್ದರು. ಕನಕರಾಜಣ್ಣ ಮಾತ್ರ, ಪಟ್ಟಿ ಕಟ್ಟಿದ ಕೈ ಎದೆಗಿಟ್ಟುಕೊಂಡು, ಎಡಗೈಯಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದು ಹಿಂದೆ ಬಂದ. ನನಗೆ ಒಂದು ಮಂಕರಿ ಕೊಟ್ಟರು.

ಗುಡಿಯ ಮುಂದಿನ ಕಟ್ಟೆಯ ಮೇಲೆ ಮಾನಸಾ ಟೇಪು ಹಿಡಿದು ಅಳೆದಳು. ಇಲ್ಲಿ ಎಂದಳು. ಚಿಕ್ಕಗಂಗಮ್ಮ ಹಾರೆ ಎತ್ತಿ ಹಾಕಿದಳು. ಸಿಮೆಂಟಿನಿಂದ ಕಿಡಿ ಹಾರಿತು. ಹತ್ತು ಏಟಿಗೆ ಒಂದು ಚೂರು. ಕೈ ಬದಲಾಯಿಸಿದರು. ಹೆಂಗಸರ ರವಿಕೆ ಬೆವರಿಗೆ ಅಂಟಿತು. ಅಜ್ಜಿಯ ಅಂಗೈ ಸೀಳು ಬಿಚ್ಚಿ ಹಾರೆಯ ಮೇಲೆ ರಕ್ತ ಇಳಿಯುತ್ತಿತ್ತು. ಊರಿನವರು ಬಂದು ಸುತ್ತ ನಿಂತರು. ಮೊದಲು ಬೈಗುಳ ಬಂತು. ಆಮೇಲೆ ಕಲ್ಲು. ಒಂದು ಕಲ್ಲು ಒಬ್ಬಳ ಹಣೆಗೆ ಬಿತ್ತು. ಅವಳು ಸೆರಗಿನಿಂದ ಒತ್ತಿಕೊಂಡು ಮಣ್ಣು ಎತ್ತುತ್ತಲೇ ಇದ್ದಳು. ಅಣ್ಣಯ್ಯಪ್ಪ ಮನೆಯ ಜಗಲಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ.

ನಾಲ್ಕು ಅಡಿ ತೋಡಿದರೂ ಏನೂ ಇಲ್ಲ. ಬರೀ ಮಣ್ಣು. ಲೆಕ್ಕ ತಪ್ಪಿತೇ? ಮೂರು ಬೆರಳು ಹೋದವು, ನನ್ನ ಲೆಕ್ಕ ತಪ್ಪೇ?

ವಾಟರ್‌ಮ್ಯಾನ್ ಕದರಯ್ಯ ಜನರ ನಡುವೆ ನಿಂತಿದ್ದ. ಟ್ಯಾಂಕಿನ ನೀರು ಬಿಡುವವನು ಅವನೇ. ಬೀಡಿ ಹಚ್ಚುವವನಂತೆ ತಲೆ ಬಗ್ಗಿಸಿ, ನೆಲ ನೋಡುತ್ತಾ, ನಮಗಷ್ಟೇ ಕೇಳುವಂತೆ ಹೇಳಿದ: "ಒಂದ್ ಮೊಳ ಎಡುಕ್ಕೆ."

ಆಮೇಲೆ ಪೊಲೀಸರ ಮುಂದೆ, ನಾನು ಅಲ್ಲಿರಲೇ ಇಲ್ಲ ಎಂದ. ಇರಲಿ.

ಒಂದು ಮೊಳ ಎಡಕ್ಕೆ ಹಾರೆ ಹಾಕಿದಾಗ ಕಬ್ಬಿಣದ ಸದ್ದು ಬಂತು. ಮಣ್ಣು ಕೈಯಲ್ಲಿ ಬಾಚಿದರು. ವಾಲ್ವು. ತುಕ್ಕು ಹಿಡಿದು ಮುಚ್ಚಿಕೊಂಡು ಕೂತಿತ್ತು. ನಾಲ್ಕು ವರ್ಷದ ಹಿಂದೆ ಒಂದು ಸಲ ತಿರುಗಿಸಿ, ಮೇಲೆ ಸಿಮೆಂಟು ಹುಯ್ದು, ದಿಣ್ಣೆ ಎತ್ತರ ಎಂದು ಬರೆದುಕೊಟ್ಟಿದ್ದರು.

ಕನಕರಾಜಣ್ಣ ಗುಂಡಿಗೆ ಇಳಿದ. ಎಡಗೈಯಲ್ಲಿ ಪಾನಾ ಹಾಕಿದ. ಅಲುಗಲಿಲ್ಲ. ಇಬ್ಬರು ಹೆಂಗಸರು ಪಾನಾದ ಹಿಡಿಗೆ ಹಾರೆ ಕೊಟ್ಟು ಜಗ್ಗಿದರು. ಕಿರ್ ಎಂದಿತು. ಇನ್ನೊಂದು ಸಲ ಜಗ್ಗಿದರು. ಪೈಪಿನೊಳಗೆ ಗಾಳಿ ಬುಸುಗುಟ್ಟಿತು. ಆಮೇಲೆ ನೀರು ನುಗ್ಗಿದ ಸದ್ದು.

ಸ್ವಲ್ಪ ಹೊತ್ತಿಗೆ ಕಾಲೋನಿಯ ಕಡೆಯಿಂದ ಕೂಗು. "ಬಂತೂ! ನಲ್ಲೀಲಿ ಬಂತೂ!" ಬಿಂದಿಗೆಗಳ ಸದ್ದು. ಹೆಂಗಸರು ಹಾರೆ ಎಸೆದು ಮೋರಿಯ ಕಡೆ ಓಡಿದರು. ಕೂಗು ಕೇಳಿ ಮಾನಸಾಳೂ ಓಡಿದಳು. ಅದು ಒಳ್ಳೆಯದಾಯಿತು. ಅಜ್ಜಿ, ನಾನು, ಗುಂಡಿಯೊಳಗೆ ಕನಕರಾಜಣ್ಣ, ನಮ್ಮ ಕಡೆ ಮೂವರೇ ಉಳಿದೆವು.

ಆಗ ಬಂದರು. ಒಂಬತ್ತು ಜನ. ಗುದ್ದಲಿ ಕಾವು, ದೊಣ್ಣೆ, ಒಬ್ಬನ ಕೈಲಿ ಬೈಕಿನ ಚೈನು. ಭಾನುಪ್ರಕಾಶ್ ಮುಂದೆ ಇದ್ದ. "ಎದ್ದೇಳ್ಲಾ ಮೇಲಕ್ಕೆ. ಮುಚ್ಲಾ ಅದ್ನ."

"ಮುಚ್ಚಲ್ಲ" ಎಂದ ಕನಕರಾಜಣ್ಣ.

ಶನಿವಾರ ಪ್ರತಿ ಏಟಿಗೂ "ಯಜಮಾನ್ರೆ" ಎಂದವನು ಇವನೇ. ಈಗ ಹಾಗೆ ಅನ್ನಲಿಲ್ಲ. "ಇನ್ನೂ ತುಂಬ್ಕೊತಾ ಅವ್ರೆ. ಮುಚ್ಚಲ್ಲ ಕಣೋ."

ಪಾನಾ ಕಿತ್ತುಕೊಳ್ಳಲು ಒಬ್ಬ ಇಳಿದ. ಅವನು ಪಾನಾವನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ವಾಲ್ವಿನ ಮೇಲೆ ಬೋರಲು ಮಲಗಿಬಿಟ್ಟ. ಒಡೆದ ಕೈಯನ್ನೂ ಸುತ್ತ ಹಾಕಿ ತಬ್ಬಿಕೊಂಡ. ಎಳೆದರು. ಬರಲಿಲ್ಲ. ಕಾಲು ಹಿಡಿದು ಎಳೆದರು. ಬರಲಿಲ್ಲ. ಅಜ್ಜಿ ಗುಂಡಿಯ ಅಂಚಿನಲ್ಲಿ ಒಬ್ಬನ ಪಂಚೆ ಹಿಡಿದು ಜೋತುಬಿದ್ದಳು. ಅವಳನ್ನು ಒದ್ದರು. ನಾನು ಮುಂದೆ ಹೋದೆ. ನನ್ನ ಬೆನ್ನಿಗೆ ಚೈನು ಬಿತ್ತು, ಮುಖ ಅಡಿಯಾಗಿ ತೋಡಿದ ಮಣ್ಣಿನ ಮೇಲೆ ಬಿದ್ದೆ. ಬೀಳುವ ಮುಂಚೆ ನೋಡಿದ್ದು ಇಷ್ಟು: ಗುಂಡಿಯ ಸುತ್ತ ಒಂಬತ್ತು ಕೈ ಮೇಲೆ ಎದ್ದಿದ್ದವು. ಆಮೇಲೆ ಒಂದು ಸದ್ದು. ತೆಂಗಿನಕಾಯಿ ಒಡೆದಂತೆ ಎಂದು ಬರೆಯಬಾರದು, ಆದರೆ ಹಾಗೇ ಇತ್ತು. ಒಂದೇ ಸಲ.

ನಾನು ತಲೆ ಎತ್ತುವಾಗ ಅವರು ಓಡುತ್ತಿದ್ದರು. ವಾಲ್ವು ತೆರೆದೇ ಇತ್ತು. ಮುಚ್ಚಬೇಕಾದರೆ ಅವನನ್ನು ಅಲ್ಲಿಂದ ಎತ್ತಬೇಕಿತ್ತು. ಯಾರೂ ಎತ್ತಲಿಲ್ಲ.

ಮೂರನೇ ದಿನ ತುಮಕೂರಿನ ಆಸ್ಪತ್ರೆಯಲ್ಲಿ ಅವನು ಸತ್ತ. ಆ ಹೊತ್ತಿಗೆ ಕಾಲೋನಿಯ ಪ್ರತಿ ಮನೆಯಲ್ಲೂ ಡ್ರಮ್ಮು, ಬಿಂದಿಗೆ, ಚೊಂಬು ಕೂಡ ತುಂಬಿತ್ತು. ಅವನ ಮೈ ತೊಳೆಯಲು ಮನೆಯ ನಲ್ಲಿಯ ನೀರನ್ನೇ ಹಿಡಿದರು. ಮಾನಸಾ ಹಿಡಿದು ಕೊಟ್ಟಳು.

ಅಟ್ರಾಸಿಟಿ ಕೇಸು ದಾಖಲಾಯಿತು. ಕಟ್ಟೆ ಒಡೆದದ್ದಕ್ಕೆ, ಗುಡಿ ಅಪವಿತ್ರ ಮಾಡಿದ್ದಕ್ಕೆ ನಮ್ಮ ಮೇಲೆ ಪ್ರತಿದೂರು. ಟ್ರಸ್ಟಿನವರು ನನ್ನನ್ನು ತೆಗೆದರು. ನಾನು ಸೈನು ಹಾಕಿದ ಹಾಳೆ ಅಣ್ಣಯ್ಯಪ್ಪನ ಕಡೆಯ ವಕೀಲರ ಫೈಲಿನಲ್ಲಿದೆ. ಅಳತೆ ತಪ್ಪು ಎಂದು ಇವಳೇ ಬರೆದುಕೊಟ್ಟಿದ್ದಾಳೆ ಎನ್ನುತ್ತಾರೆ. ಒಂದು ಮೊಳ ತಪ್ಪಿತ್ತು, ನಿಜ. ಅದನ್ನೂ ಹೇಳುತ್ತೇನೆ.

ಹೇಳಿಕೆ ಕೊಡುವ ಹಿಂದಿನ ದಿನ ನಮ್ಮ ಕಡೆಯ ವಕೀಲ ಮಹಾಲಿಂಗಯ್ಯನವರು ಕೂರಿಸಿಕೊಂಡು ಹೇಳಿದರು. "ನೋಡಮ್ಮ, ಅಜ್ಜಿಗೆ ಕಣ್ಣು ಸರಿ ಕಾಣ್ಸಲ್ಲ. ಹತ್ರ ಇದ್ದೋಳು ನೀನೊಬ್ಳೇ. ಒಂದೇ ಏಟು ಅಂತ ಡಾಕ್ಟ್ರು ಬರ್ದವ್ರೆ. ಹೊಡ್ದೋನು ಭಾನುಪ್ರಕಾಶ್ ಅಂತ ಹೇಳ್ಬಿಡು. ಕೇಸ್ ಗಟ್ಟಿಯಾಗ್ತದೆ. ಇಲ್ದಿದ್ರೆ ಒಬ್ಬೊಬ್ರೇ ಜಾರ್ಕೊತಾರೆ."

ನಾನು ಮಾನಸಾಳನ್ನು ನೋಡಿದೆ. ಅವಳು ಮೂಲೆಯಲ್ಲಿ ನಿಂತಿದ್ದಳು.

"ಅವ್ನೇ ಅಂತ ನೋಡಿದ್ರಾ ಮಿಸ್?"

"ಕೈ ಎತ್ತಿದ್ದು ನೋಡಿದೆ. ಅವನದೂ ಇತ್ತು."

"ಎಷ್ಟ್ ಕೈ ಎತ್ತಿದ್ದು?"

"ಒಂಬತ್ತು."

"ಒಂಬತ್ತೂ ಹೇಳಿ. ಒಂದು ಅಂದ್ರೆ ಎಂಟು ಜನ ಮನೆಗ್ ಹೋಯ್ತಾರೆ."

ಒಂಬತ್ತು ಹೆಸರೂ ಹೇಳಿದೆ. ಯಾರು ಯಾವ ಕಡೆ ನಿಂತಿದ್ದರು, ಯಾರ ಕೈಯಲ್ಲಿ ಏನಿತ್ತು, ಎಲ್ಲ ಹೇಳಿದೆ. ಬರೆದುಕೊಂಡ ಅಧಿಕಾರಿ ಕೊನೆಗೆ ಪೆನ್ನು ನಿಲ್ಲಿಸಿ ಕೇಳಿದರು: ಪ್ರಾಣ ತೆಗೆದ ಏಟು ಯಾರದು?

ಆಗ ನನ್ನ ಮುಖ ಮಣ್ಣಿನಲ್ಲಿತ್ತು. ಕಣ್ಣಿಗೆ ಮಣ್ಣು ಬಿದ್ದು ಕಾಣಲಿಲ್ಲವೋ, ಹೆದರಿ ನಾನೇ ಮುಚ್ಚಿಕೊಂಡೆನೋ, ಅದೂ ನನಗೆ ಸರಿಯಾಗಿ ತಿಳಿಯದು. ಏಟು ಯಾರದೆಂದು ಗೊತ್ತಿಲ್ಲ ಎಂದು ಹೇಳಿದೆ. ಈಗಲೂ ಗೊತ್ತಿಲ್ಲ.